ಕಳೆದುಕೊಂಡ ಹಲ್ಲಿಗೆ ಬದಲಿ ವ್ಯವಸ್ಥೆ: ದಂತ ಇಂಪ್ಲಾಂಟ್ ಹಾಗೂ ದಂತಪಂಕ್ತಿ ಕುರಿತು ಸಾರ್ವಜನಿಕರಿಗೆ ಮಾಹಿತಿ

ಹೊನ್ನಾವರ ತಾಲ್ಲೂಕಿನ ಮಂಕಿ ಹಾಗೂ ಸುತ್ತಲಿನ ಗ್ರಾಮಗಳು, ನೆರೆಯ ಭಟ್ಕಳ ಮತ್ತು ಕುಮಟಾ ತಾಲ್ಲೂಕುಗಳ ಸಾರ್ವಜನಿಕರ ಉಪಯೋಗಕ್ಕಾಗಿ, ಕಳೆದುಕೊಂಡ ಹಲ್ಲುಗಳ ಜಾಗದಲ್ಲಿ ಕೃತಕ ಹಲ್ಲು ಅಳವಡಿಸಿಕೊಳ್ಳುವ ವಿಧಾನಗಳ ವಿವರವನ್ನು ಇಲ್ಲಿ ನೀಡಲಾಗಿದೆ. ಅರ್ಜಿದಾರರು ಒಂದು ಅಂಶವನ್ನು ಮೊದಲಿಗೇ ಗಮನಿಸತಕ್ಕದ್ದು. ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯಡಿ ಉಚಿತವಾಗಿ ದೊರೆಯುವುದು ತೆಗೆದು ಹಾಕಿಕೊಳ್ಳಬಹುದಾದ ದಂತಪಂಕ್ತಿ, ಅಂದರೆ ಜನರು ಹಲ್ಲುಸೆಟ್ಟು ಎಂದು ಕರೆಯುವ ಸಾಧನ. ದವಡೆಯ ಮೂಳೆಯಲ್ಲಿ ಕೂರಿಸುವ ಇಂಪ್ಲಾಂಟ್ ಸದರಿ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ. ಈ ವ್ಯತ್ಯಾಸ ತಿಳಿಯದೆ ಉಚಿತ ಇಂಪ್ಲಾಂಟಿನ ನಿರೀಕ್ಷೆಯಲ್ಲಿ ವರ್ಷಗಟ್ಟಲೆ ಕಾಯುವವರಿಗೆ ಹಾನಿಯೇ ಹೆಚ್ಚು. ಏಕೆಂದರೆ ಕಾಯುತ್ತಿರುವ ಅವಧಿಯಲ್ಲಿ ದವಡೆಯ ಮೂಳೆ ಕಾಯುವುದಿಲ್ಲ.

ಹಲ್ಲು ಹೋದ ನಂತರ ದವಡೆಯಲ್ಲಿ ಆಗುವ ಬದಲಾವಣೆ

ದವಡೆಯಲ್ಲಿ ಹಲ್ಲನ್ನು ಹಿಡಿದಿಡುವ ಮೂಳೆಯ ದಿಂಡು ಹಲ್ಲು ಇರುವವರೆಗೆ ಮಾತ್ರ ತನ್ನ ಗಾತ್ರವನ್ನು ಉಳಿಸಿಕೊಳ್ಳುತ್ತದೆ. ಹಲ್ಲು ಕಿತ್ತ ನಂತರ ಅಗಿಯುವ ಒತ್ತಡ ಆ ಭಾಗಕ್ಕೆ ತಲುಪದ ಕಾರಣ ಮೂಳೆ ಕರಗಲಾರಂಭಿಸುತ್ತದೆ. ಮೊದಲ ಒಂದು ವರ್ಷದಲ್ಲಿ ದಿಂಡಿನ ಅಗಲ ಸುಮಾರು ಅರ್ಧದವರೆಗೆ ಕಡಿಮೆಯಾಗಬಹುದು. ಈ ಇಳಿಕೆಯ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ ಆಗಿಬಿಡುತ್ತದೆ. ಅನಂತರ ವೇಗ ಕುಗ್ಗಿದರೂ ಕರಗುವಿಕೆ ನಿಲ್ಲುವುದಿಲ್ಲ. ಎಲ್ಲ ಹಲ್ಲುಗಳನ್ನೂ ಕಳೆದುಕೊಂಡು ಸೆಟ್ಟು ಧರಿಸುವವರಲ್ಲಿ ಕೆಳದವಡೆಯ ಮೂಳೆಯು ಮೇಲ್ದವಡೆಗಿಂತ ಸರಿಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ ಎಂಬುದು 1972ರಿಂದಲೂ ತಿಳಿದಿರುವ ಸಂಗತಿ. ಹತ್ತು ಹದಿನೈದು ವರ್ಷಗಳ ಹಿಂದೆ ಮಾಡಿಸಿದ ಕೆಳಸೆಟ್ಟು ಊಟದ ನಡುವೆ ಎದ್ದು ಬರುವುದಕ್ಕೆ ಬಹುಪಾಲು ಇದೇ ಕಾರಣವೇ ಹೊರತು ಸೆಟ್ಟು ಮಾಡಿದವರ ದೋಷವಲ್ಲ.

ಇಷ್ಟೇ ಅಲ್ಲದೆ, ಖಾಲಿಯಾದ ಜಾಗದತ್ತ ಪಕ್ಕದ ಹಲ್ಲುಗಳು ವಾಲುತ್ತವೆ. ಎದುರಿನ ದವಡೆಯ ಹಲ್ಲು ಕೆಳಗಿಳಿಯುತ್ತದೆ ಅಥವಾ ಮೇಲೇಳುತ್ತದೆ. ಐದಾರು ವರ್ಷ ಬಿಟ್ಟು ಬಂದವರಲ್ಲಿ ಹೊಸ ಹಲ್ಲು ಕೂರಿಸಲು ಜಾಗವೇ ಉಳಿದಿರುವುದಿಲ್ಲ. ಆದುದರಿಂದ ಹಲ್ಲು ಕೀಳಿಸುವ ದಿನವೇ ಮುಂದಿನ ವ್ಯವಸ್ಥೆಯನ್ನು ದಂತವೈದ್ಯರಲ್ಲಿ ವಿಚಾರಿಸಿಕೊಳ್ಳುವುದು ಸೂಕ್ತ. ಇಂಪ್ಲಾಂಟನ್ನು ಅಂದೇ ಹಾಕಿಸಬೇಕೆಂದು ಇದರ ಅರ್ಥವಲ್ಲ.

ಎಲ್ಲ ಖಾಲಿ ಜಾಗಗಳನ್ನೂ ತುಂಬಲೇಬೇಕೆಂದಿಲ್ಲ ಎಂಬುದನ್ನೂ ಇಲ್ಲಿ ಹೇಳುವುದು ಅವಶ್ಯ. ಕೊನೆಯ ಬುದ್ಧಿಹಲ್ಲಿಗೆ ಬದಲಿ ಹಲ್ಲಿನ ಅಗತ್ಯವಿಲ್ಲ. ಉಳಿದ ಹಲ್ಲುಗಳು ಗಟ್ಟಿಯಾಗಿದ್ದು, ಎರಡೂ ಬದಿಯಲ್ಲಿ ಅಗಿಯಲು ತೊಂದರೆ ಇಲ್ಲದಿದ್ದಲ್ಲಿ ಅದರ ಮುಂದಿನ ದವಡೆಹಲ್ಲನ್ನೂ ಹಾಗೆಯೇ ಬಿಡಬಹುದೆಂದು ಅನೇಕ ತಜ್ಞರು ಸಲಹೆ ನೀಡುತ್ತಾರೆ.

ಇಂಪ್ಲಾಂಟ್ ಎಂದರೇನು

ಇಂಪ್ಲಾಂಟ್ ಎಂಬುದು ಹಲ್ಲಲ್ಲ. ಹಲ್ಲಿನ ಬೇರಿಗೆ ಬದಲಾಗಿ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಲೋಹದ ಸಣ್ಣ ಸ್ಕ್ರೂ. ಇದರ ಮೇಲೆ ಒಂದು ಜೋಡಣೆಯ ತುಂಡನ್ನೂ, ಅದರ ಮೇಲೆ ಹಲ್ಲಿನ ಆಕಾರದ ಕ್ಯಾಪನ್ನೂ ಅಳವಡಿಸಲಾಗುತ್ತದೆ. ಸ್ವೀಡನ್ ದೇಶದ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ ಅವರು 1950ರ ದಶಕದಲ್ಲಿ ಮೊಲದ ಮೂಳೆಯಲ್ಲಿ ರಕ್ತಸಂಚಾರವನ್ನು ಅಭ್ಯಸಿಸಲು ಟೈಟಾನಿಯಂ ಉಪಕರಣ ಇರಿಸಿದ್ದರು. ಪ್ರಯೋಗ ಮುಗಿದ ಮೇಲೆ ಅದನ್ನು ಬಿಡಿಸಲು ಹೋದಾಗ ಮೂಳೆ ಲೋಹಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಮೊದಲ ಬಾರಿಗೆ ಅವರು ಮನುಷ್ಯನ ದವಡೆಯಲ್ಲಿ ಇಂತಹ ಸ್ಕ್ರೂಗಳನ್ನು ಕೂರಿಸಿದರು. ಆ ರೋಗಿ ನಾಲ್ಕು ದಶಕಗಳ ಕಾಲ, 2006ರಲ್ಲಿ ತೀರಿಕೊಳ್ಳುವವರೆಗೂ, ಅವುಗಳನ್ನು ಬಳಸಿದರು. 1982ರ ಟೊರಾಂಟೊ ಸಮ್ಮೇಳನದ ನಂತರ ಈ ಚಿಕಿತ್ಸೆ ಜಗತ್ತಿನಾದ್ಯಂತ ಹರಡಿತು.

ಚಿಕಿತ್ಸೆಯ ಯಶಸ್ಸೆಲ್ಲ ಮೂಳೆ ಮತ್ತು ಲೋಹದ ಈ ಬೆಸುಗೆಯನ್ನೇ ಅವಲಂಬಿಸಿದೆ, ಮತ್ತು ಬೆಸುಗೆಗೆ ಸಮಯ ಬೇಕು. ಸಾಮಾನ್ಯವಾಗಿ ಕೆಳದವಡೆಯಲ್ಲಿ ಮೂರರಿಂದ ನಾಲ್ಕು ತಿಂಗಳು, ಮೂಳೆ ಮೃದುವಾಗಿರುವ ಮೇಲ್ದವಡೆಯಲ್ಲಿ ನಾಲ್ಕರಿಂದ ಆರು ತಿಂಗಳು ಬಿಟ್ಟು ಕ್ಯಾಪ್ ಕೂರಿಸಲಾಗುತ್ತದೆ. ಕೆಲವು ಆಯ್ದ ಸಂದರ್ಭಗಳಲ್ಲಿ ಬೇಗನೆ ತಾತ್ಕಾಲಿಕ ಹಲ್ಲು ಕೊಡುವುದು ಸಾಧ್ಯ. ಆದರೆ ಪ್ರತಿಯೊಬ್ಬರಿಗೂ ಒಂದೇ ದಿನದಲ್ಲಿ ಹಲ್ಲು ಎಂಬ ಜಾಹೀರಾತನ್ನು ನಂಬಿ ಹಣ ಕಟ್ಟುವ ಮುನ್ನ ತಮ್ಮ ಮೂಳೆಯ ಸ್ಥಿತಿ ಅದಕ್ಕೆ ತಕ್ಕುದಾಗಿದೆಯೇ ಎಂದು ಕೇಳಿ ತಿಳಿಯತಕ್ಕದ್ದು. ಮೂಳೆಯ ಎತ್ತರ, ಅಗಲ, ಕೆಳದವಡೆಯ ನರದ ಸ್ಥಾನ ಹಾಗೂ ಮೇಲ್ದವಡೆಯ ಸೈನಸ್ ಕುಳಿಯ ಅಂತರವನ್ನು ಎಕ್ಸ್‌ರೇ ಮೂಲಕ, ಅಗತ್ಯವಿದ್ದಲ್ಲಿ ಮೂರು ಆಯಾಮದ ಸ್ಕ್ಯಾನ್ ಮೂಲಕ ನೋಡಿಯೇ ತೀರ್ಮಾನಿಸಲಾಗುತ್ತದೆ. ಮೂಳೆ ಸಾಲದಿದ್ದಲ್ಲಿ ಮೂಳೆ ತುಂಬಿಸುವ ಪ್ರತ್ಯೇಕ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆಗ ಖರ್ಚೂ ಅವಧಿಯೂ ಎರಡೂ ಏರುತ್ತವೆ.

ಕರಾವಳಿಯ ಎರಡು ವರ್ಗದ ಜನರು ಈ ಅವಧಿಯ ಲೆಕ್ಕವನ್ನು ವಿಶೇಷವಾಗಿ ಗಮನಿಸಬೇಕು. ಮಂಕಿ, ಭಟ್ಕಳ ಭಾಗದಿಂದ ಕೊಲ್ಲಿ ರಾಷ್ಟ್ರಗಳಿಗೆ ಉದ್ಯೋಗಕ್ಕೆ ಹೋದವರು ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದಾಗ ಇಡೀ ಚಿಕಿತ್ಸೆ ಮುಗಿಸಿಕೊಳ್ಳಲು ಬಯಸುವುದುಂಟು. ಒಂದು ರಜೆಯಲ್ಲಿ ಸ್ಕ್ರೂ ಹಾಕಿಸಿ, ಮುಂದಿನ ರಜೆಯಲ್ಲಿ ಕ್ಯಾಪ್ ಹಾಕಿಸುವಂತೆ ಯೋಜಿಸುವುದೇ ಸರಿಯಾದ ಕ್ರಮ. ಇಂಪ್ಲಾಂಟ್ ತಯಾರಿಸಿದ ಕಂಪನಿ, ಮಾದರಿ, ಅಳತೆ ಹಾಗೂ ಲಾಟ್ ಸಂಖ್ಯೆ ಇರುವ ಸ್ಟಿಕ್ಕರನ್ನು ಅಥವಾ ಕಾರ್ಡನ್ನು ಪಡೆದು ಜೊತೆಯಲ್ಲಿರಿಸಿಕೊಂಡಲ್ಲಿ ಪರದೇಶದಲ್ಲಿ ತೊಂದರೆಯಾದರೂ ಅಲ್ಲಿನ ವೈದ್ಯರು ಹೊಂದುವ ಬಿಡಿಭಾಗ ತರಿಸಬಲ್ಲರು. ಯಾಂತ್ರೀಕೃತ ದೋಣಿಗಳಲ್ಲಿ ದುಡಿಯುವ ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿ ಶಸ್ತ್ರಚಿಕಿತ್ಸೆಗೂ, ಅನಂತರದ ಮೃದು ಆಹಾರ ಮತ್ತು ವಿಶ್ರಾಂತಿಗೂ ಅನುಕೂಲ.

ಯಾರಿಗೆ ಸೂಕ್ತ, ಯಾರಿಗೆ ಅಲ್ಲ

ವಯಸ್ಸು ಹೆಚ್ಚಾಯಿತೆಂಬುದು ಇಂಪ್ಲಾಂಟಿಗೆ ಅಡ್ಡಿಯಲ್ಲ. ಎಪ್ಪತ್ತು ದಾಟಿದ ಆರೋಗ್ಯವಂತರಿಗೂ ಇದನ್ನು ಯಶಸ್ವಿಯಾಗಿ ಮಾಡಲಾಗುತ್ತದೆ. ಆದರೆ ದವಡೆಯ ಬೆಳವಣಿಗೆ ಮುಗಿಯದ ಮಕ್ಕಳು ಹಾಗೂ ಹದಿಹರೆಯದವರಿಗೆ ಇಂಪ್ಲಾಂಟ್ ಹಾಕುವುದಿಲ್ಲ. ಅಪಘಾತದಲ್ಲಿ ಮುಂಬಲ್ಲು ಕಳೆದುಕೊಂಡ ಶಾಲಾಬಾಲಕರಿಗೆ ತಾತ್ಕಾಲಿಕ ಹಲ್ಲು ನೀಡಿ ಬೆಳವಣಿಗೆ ಪೂರ್ಣಗೊಳ್ಳುವವರೆಗೆ ಕಾಯಲಾಗುತ್ತದೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ಇಂಪ್ಲಾಂಟ್ ಮಾಡಿಸಬಹುದು. ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಯದೆ, ಮೂಳೆ ಬೆಸೆಯದೆ ಸ್ಕ್ರೂ ಸಡಿಲಗೊಳ್ಳುವ ಸಂಭವ ಹೆಚ್ಚು. ಆದುದರಿಂದ ಮೂರು ತಿಂಗಳ ಸರಾಸರಿ ಸಕ್ಕರೆ ಪ್ರಮಾಣ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ವರದಿಯನ್ನು ವೈದ್ಯರು ಕೇಳುತ್ತಾರೆ. ಬೀಡಿ, ಸಿಗರೇಟು ಸೇದುವವರಲ್ಲಿ ವಿಫಲತೆಯ ಪ್ರಮಾಣ ಸೇದದವರಿಗಿಂತ ಅಧಿಕ. ತಲೆ ಮತ್ತು ಕುತ್ತಿಗೆಯ ಭಾಗಕ್ಕೆ ಕ್ಯಾನ್ಸರ್ ನಿಮಿತ್ತ ವಿಕಿರಣ ಚಿಕಿತ್ಸೆ ಪಡೆದವರು, ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರಿಗೆ ಬಿಸ್‌ಫಾಸ್ಫೊನೇಟ್ ವರ್ಗದ ಔಷಧಿ ತೆಗೆದುಕೊಳ್ಳುತ್ತಿರುವವರು, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವ ಹೃದ್ರೋಗಿಗಳು ಆ ವಿಷಯವನ್ನು ಮೊದಲೇ ತಿಳಿಸತಕ್ಕದ್ದು. ಯಾವುದೇ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಉತ್ತರ ಕನ್ನಡ ಜಿಲ್ಲೆಯಲ್ಲಿ ಕವಳ ಹಾಕುವುದು ಆತಿಥ್ಯದ ಭಾಗವೇ ಆಗಿದೆ. ಅದನ್ನು ಅಲ್ಲಗಳೆಯದೆಯೂ ಹೇಳಬೇಕಾದ ಮಾತೆಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು ತಂಬಾಕು ಬೆರೆಸದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು 2004ರಲ್ಲಿ ಪ್ರಕಟಿಸಿದೆ. ಬಹುಕಾಲ ಅಡಿಕೆ, ಗುಟ್ಕಾ ಜಗಿದವರಲ್ಲಿ ಕೆನ್ನೆಯ ಒಳಪೊರೆ ಗಡುಸಾಗಿ ಬಾಯಿ ಪೂರ್ತಿ ತೆರೆಯದಂತಾಗುತ್ತದೆ. ಎರಡು ಬೆರಳು ಒಳಹೋಗದಷ್ಟು ಬಾಯಿ ಬಿಗಿದವರಲ್ಲಿ ಇಂಪ್ಲಾಂಟ್ ಮಾತ್ರವಲ್ಲ, ಸೆಟ್ಟಿಗೆ ಅಳತೆ ತೆಗೆಯುವುದೂ ಕಷ್ಟ. ಬಾಯಲ್ಲಿ ಎರಡು ವಾರಕ್ಕೂ ಮೀರಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದಲ್ಲಿ ಹಲ್ಲು ಹಾಕಿಸುವ ವಿಚಾರವನ್ನು ಬದಿಗಿಟ್ಟು ಅದನ್ನೇ ಮೊದಲು ಪರೀಕ್ಷಿಸಿಕೊಳ್ಳತಕ್ಕದ್ದು.

ಇತರ ವಿಧಾನಗಳು

ಒಂದು ಅಥವಾ ಎರಡು ಹಲ್ಲು ಹೋಗಿ, ಎರಡೂ ಪಕ್ಕದಲ್ಲಿ ಗಟ್ಟಿ ಹಲ್ಲುಗಳಿದ್ದರೆ ಬ್ರಿಜ್ ಹಾಕಿಸಬಹುದು. ಇದು ಕೆಲವೇ ವಾರಗಳಲ್ಲಿ ಮುಗಿಯುತ್ತದೆ, ಶಸ್ತ್ರಚಿಕಿತ್ಸೆ ಇಲ್ಲ. ಆದರೆ ಆಧಾರಕ್ಕಾಗಿ ಪಕ್ಕದ ಹಲ್ಲುಗಳನ್ನು ಉಜ್ಜಿ ಸಣ್ಣದಾಗಿಸಬೇಕು. ಆ ಹಲ್ಲುಗಳಿಗೆ ಈಗಾಗಲೇ ದೊಡ್ಡ ಸಿಮೆಂಟ್ ಅಥವಾ ಕ್ಯಾಪ್ ಇದ್ದರೆ ಬ್ರಿಜ್ ಒಳ್ಳೆಯ ಆಯ್ಕೆ. ಅವು ಹುಳುಕಿಲ್ಲದ ಹಲ್ಲುಗಳಾಗಿದ್ದರೆ ಇಂಪ್ಲಾಂಟ್ ಮೇಲು. ತೆಗೆದು ಹಾಕುವ ಭಾಗಶಃ ಸೆಟ್ಟು ಎಲ್ಲಕ್ಕಿಂತ ಅಗ್ಗ, ರಾತ್ರಿ ತೆಗೆದಿಡಬೇಕು.

ಜಾತ್ರೆ, ಸಂತೆಗಳಲ್ಲಿ ಹಾಗೂ ನೋಂದಣಿ ಇಲ್ಲದ ಕೊಠಡಿಗಳಲ್ಲಿ ಫಿಕ್ಸೆಡ್ ಹಲ್ಲು ಎಂದು ಅರ್ಧ ಗಂಟೆಯಲ್ಲಿ ಕೂರಿಸುವ ಹಲ್ಲುಗಳ ಬಗ್ಗೆ ಸಾರ್ವಜನಿಕರು ಎಚ್ಚರದಿಂದಿರಬೇಕು. ಇವು ಇಂಪ್ಲಾಂಟ್‌ಗಳೂ ಅಲ್ಲ, ಬ್ರಿಜ್‌ಗಳೂ ಅಲ್ಲ. ಗಟ್ಟಿಯಾಗುವ ಪ್ಲಾಸ್ಟಿಕ್ ಪುಡಿ ಮತ್ತು ದ್ರವವನ್ನು ಬಾಯಲ್ಲೇ ಕಲಸಿ, ಕೆಲವೊಮ್ಮೆ ತಂತಿ ಸುತ್ತಿ, ಪಕ್ಕದ ಹಲ್ಲು ಹಾಗೂ ಒಸಡಿಗೆ ಅಂಟಿಸಲಾಗಿರುತ್ತದೆ. ಅದರಡಿ ಆಹಾರ ಸೇರಿ ಕೊಳೆತು, ಒಂದು ಹಲ್ಲಿನ ಜಾಗ ತುಂಬಿಸಲು ಹೋದವರು ಅಕ್ಕಪಕ್ಕದ ಮೂರು ನಾಲ್ಕು ಹಲ್ಲು ಕಳೆದುಕೊಳ್ಳುವ ಪ್ರಕರಣಗಳು ದಂತವೈದ್ಯರಿಗೆ ಅಪರೂಪವಲ್ಲ. ಈಗಾಗಲೇ ಹಾಕಿಸಿಕೊಂಡವರು ನೋವಿಲ್ಲದಿದ್ದರೂ ತೋರಿಸಿ ತೆಗೆಸಿಕೊಳ್ಳುವುದು ಹಿತ.

ದಂತಭಾಗ್ಯ ಯೋಜನೆಯಡಿ ಉಚಿತ ದಂತಪಂಕ್ತಿ

ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಪೂರ್ಣ ದಂತಪಂಕ್ತಿ ಒದಗಿಸುವ ದಂತಭಾಗ್ಯ ಯೋಜನೆಯು 2014-15ರಲ್ಲಿ ಆರಂಭವಾಯಿತು. ಮೊದಲು 60 ವರ್ಷ ತುಂಬಿದವರಿಗೆ ಮಾತ್ರ ಇದ್ದ ಸೌಲಭ್ಯದ ವಯೋಮಿತಿಯನ್ನು ಅನಂತರ 45 ವರ್ಷಕ್ಕೆ ಇಳಿಸಲಾಯಿತು. ಸೆಟ್ಟುಗಳನ್ನು ಸಿದ್ಧಪಡಿಸುವ ಕೆಲಸದಲ್ಲಿ ರಾಜ್ಯದ ಸರ್ಕಾರಿ ಹಾಗೂ ಖಾಸಗಿ ದಂತ ವೈದ್ಯಕೀಯ ಕಾಲೇಜುಗಳನ್ನು ತೊಡಗಿಸಿಕೊಳ್ಳಲಾಗಿದೆ.

ಮಂಕಿಯ ಅರ್ಜಿದಾರರು ಹೊನ್ನಾವರ ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗಕ್ಕೂ, ಭಟ್ಕಳ ಹಾಗೂ ಕುಮಟಾ ತಾಲ್ಲೂಕುಗಳವರು ಆಯಾ ತಾಲ್ಲೂಕು ಆಸ್ಪತ್ರೆಗೂ ಮೊದಲು ಭೇಟಿ ನೀಡುವುದು. ಬಿಪಿಎಲ್ ಪಡಿತರ ಚೀಟಿ ಮತ್ತು ಆಧಾರ್ ಚೀಟಿಯ ಮೂಲಪ್ರತಿ ಹಾಗೂ ನಕಲು, ಈಗ ಸೇವಿಸುತ್ತಿರುವ ಔಷಧಿಗಳ ಚೀಟಿ, ಸಕ್ಕರೆ ಮತ್ತು ರಕ್ತದೊತ್ತಡದ ಇತ್ತೀಚಿನ ವರದಿ ಇದ್ದರೆ ಅದನ್ನೂ ಒಯ್ಯಬೇಕು. ಹಳೆಯ ಸೆಟ್ಟು ಇದ್ದವರು, ಅದು ಮುರಿದಿದ್ದರೂ ಸರಿ, ತಪ್ಪದೆ ತೋರಿಸುವುದು. ಹೊಸದರ ಅಳತೆಗೆ ಅದರಿಂದ ಬಹಳ ಸಹಾಯವಾಗುತ್ತದೆ. ಬಾಯಲ್ಲಿ ಉಳಿದಿರುವ ಅಲುಗಾಡುವ ಹಲ್ಲು ಅಥವಾ ಬೇರಿನ ತುಂಡುಗಳನ್ನು ಮೊದಲು ಕೀಳಿಸಿ, ಗಾಯ ಮಾಯಲು ಕೆಲವು ವಾರ ಬಿಟ್ಟು ಅಳತೆ ತೆಗೆಯಲಾಗುತ್ತದೆ. ಅರ್ಜಿ ಸಲ್ಲಿಸುವಾಗ ಜಾರಿಯಲ್ಲಿರುವ ವಯೋಮಿತಿ, ಭಾಗಶಃ ಸೆಟ್ಟು ದೊರೆಯುವುದೇ ಎಂಬುದು ಹಾಗೂ ಯಾವ ಕಾಲೇಜಿಗೆ ಕಳುಹಿಸಲಾಗುತ್ತದೆ ಎಂಬುದನ್ನು ಅಲ್ಲಿಯೇ ಖಚಿತಪಡಿಸಿಕೊಳ್ಳತಕ್ಕದ್ದು.

ದೂರದ ಪ್ರಶ್ನೆ ಇಲ್ಲಿ ಸಣ್ಣದಲ್ಲ. 1965ರಲ್ಲಿ ಆರಂಭವಾದ ಮಣಿಪಾಲದ ದಂತ ವೈದ್ಯಕೀಯ ಕಾಲೇಜು ಮಂಕಿಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ. ಕುಮಟಾ ಕಡೆಯವರು ಧಾರವಾಡದ ಎಸ್‌ಡಿಎಂ ದಂತ ಕಾಲೇಜಿಗೆ ಹೋಗಬೇಕೆಂದರೆ ಘಟ್ಟ ಹತ್ತಬೇಕು. ಪೂರ್ಣ ಸೆಟ್ಟು ಸಿದ್ಧವಾಗಲು ಸಾಮಾನ್ಯವಾಗಿ ಐದು ಭೇಟಿಗಳಾದರೂ ಬೇಕು: ಮೊದಲ ಅಳತೆ, ಎರಡನೆಯ ಅಳತೆ, ದವಡೆಗಳ ಹೊಂದಾಣಿಕೆ, ಮೇಣದಲ್ಲಿ ಜೋಡಿಸಿ ನೋಡುವುದು, ಕೊನೆಗೆ ಸೆಟ್ಟು ನೀಡುವುದು. ಒತ್ತುವ ಜಾಗ ಸರಿಪಡಿಸಲು ಮತ್ತೆ ಒಂದೆರಡು ಸಲ. ಸೆಟ್ಟು ಉಚಿತವಾದರೂ ಎಪ್ಪತ್ತರ ವೃದ್ಧರೊಬ್ಬರಿಗೆ ಜೊತೆಯವರ ಒಂದು ದಿನದ ದುಡಿಮೆ ಸೇರಿ ಆರೇಳು ಪ್ರಯಾಣಗಳ ವೆಚ್ಚ ತಗಲುತ್ತದೆ. ಎರಡು ಹಂತಗಳನ್ನು ಒಂದೇ ದಿನಕ್ಕೆ ಸೇರಿಸಲು ಸಾಧ್ಯವೇ, ಸಮೀಪದಲ್ಲಿ ಶಿಬಿರ ನಡೆಯಲಿದೆಯೇ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಅನೇಕರು ಸೆಟ್ಟು ಪಡೆದ ಬಳಿಕ, ಒತ್ತುತ್ತದೆಂದು ಡಬ್ಬಿಯಲ್ಲಿ ಹಾಕಿಟ್ಟು ಬಿಡುತ್ತಾರೆ. ಸರಿಪಡಿಸುವ ಆ ಕೊನೆಯ ಭೇಟಿಯೇ ಸೆಟ್ಟನ್ನು ಉಪಯುಕ್ತವಾಗಿಸುವುದು.

ಕೆಳಸೆಟ್ಟು ನಿಲ್ಲದವರಿಗೆ ಇಂಪ್ಲಾಂಟ್ ನಿಜವಾಗಿ ಬೆಲೆ ಬಾಳುತ್ತದೆ. ಬಾಯಿ ತುಂಬ ಇಂಪ್ಲಾಂಟ್ ಬೇಕಾಗಿಲ್ಲ. ಕೆಳದವಡೆಯ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ಹಾಕಿ, ಗುಂಡಿಯಂತೆ ಅದಕ್ಕೆ ಸೆಟ್ಟನ್ನು ಸಿಕ್ಕಿಸುವ ವಿಧಾನವಿದೆ. ಹಲ್ಲಿಲ್ಲದ ಕೆಳದವಡೆಗೆ ಇದನ್ನೇ ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆಂದು 2002ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸೇರಿದ್ದ ತಜ್ಞರು ಅಭಿಪ್ರಾಯಪಟ್ಟಿದ್ದಾರೆ. ಯೋಜನೆಯಡಿ ಪಡೆದ ಸೆಟ್ಟಿಗೆ ಈ ಜೋಡಣೆ ಸಾಧ್ಯವೇ ಎಂಬುದನ್ನು ದಂತವೈದ್ಯರು ಪರೀಕ್ಷಿಸಿ ಹೇಳಬಲ್ಲರು; ಇಂಪ್ಲಾಂಟಿನ ವೆಚ್ಚವನ್ನು ಮಾತ್ರ ಫಲಾನುಭವಿಯೇ ಭರಿಸಬೇಕು.

ವೆಚ್ಚ ಮತ್ತು ಪಡೆಯಬೇಕಾದ ದಾಖಲೆಗಳು

ಖಾಸಗಿ ಚಿಕಿತ್ಸಾಲಯಗಳಲ್ಲಿ ಒಂದು ಇಂಪ್ಲಾಂಟ್ ಹಲ್ಲಿಗೆ ಹತ್ತಾರು ಸಾವಿರ ರೂಪಾಯಿ ತಗಲುತ್ತದೆ. ದರ ಹೇಳುವಾಗ ಕೆಲವೆಡೆ ಸ್ಕ್ರೂವಿನ ಬೆಲೆಯನ್ನಷ್ಟೇ ಹೇಳಿ, ಜೋಡಣೆಯ ತುಂಡು, ಕ್ಯಾಪ್, ಸ್ಕ್ಯಾನ್, ಮೂಳೆ ತುಂಬಿಸುವುದು ಇವುಗಳನ್ನು ಪ್ರತ್ಯೇಕವಾಗಿ ಸೇರಿಸಲಾಗುತ್ತದೆ. ಎಲ್ಲವನ್ನೂ ಒಳಗೊಂಡ ಅಂದಾಜನ್ನು, ಇಂಪ್ಲಾಂಟ್ ಬೆಸೆಯದೆ ಹೋದಲ್ಲಿ ಮರುಚಿಕಿತ್ಸೆಯ ಖರ್ಚು ಯಾರದೆಂಬುದನ್ನೂ ಲಿಖಿತವಾಗಿ ಪಡೆಯುವುದು. ದಂತ ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಮಾಡುವ ಚಿಕಿತ್ಸೆಗೆ ಸಾಮಾನ್ಯವಾಗಿ ದರ ಕಡಿಮೆ, ಸಮಯ ಹೆಚ್ಚು. ಒಡವೆ ಅಡವಿಟ್ಟು ಅಥವಾ ಬಡ್ಡಿಗೆ ಸಾಲ ತಂದು ಇಂಪ್ಲಾಂಟ್ ಮಾಡಿಸುವ ಮುನ್ನ, ಅದೇ ಜಾಗಕ್ಕೆ ಬ್ರಿಜ್ ಅಥವಾ ಸೆಟ್ಟು ಸಾಕಾಗುವುದೇ ಎಂದು ಸರ್ಕಾರಿ ಆಸ್ಪತ್ರೆಯ ದಂತವೈದ್ಯರಲ್ಲಿ ಎರಡನೆಯ ಅಭಿಪ್ರಾಯ ಪಡೆಯಬಹುದು.

ಚಿಕಿತ್ಸೆ ನೀಡುವವರು ರಾಜ್ಯ ದಂತ ವೈದ್ಯ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಚಿಕಿತ್ಸಾಲಯವು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ನೋಂದಾಯಿತವಾಗಿರಬೇಕು. ಇಂಪ್ಲಾಂಟ್‌ಗಳು ವೈದ್ಯಕೀಯ ಸಾಧನಗಳ ನಿಯಮಗಳು, 2017ರ ವ್ಯಾಪ್ತಿಗೆ ಬರುತ್ತವೆ. ಬಿಲ್ಲು, ಎಕ್ಸ್‌ರೇ, ಒಪ್ಪಿಗೆ ಪತ್ರದ ಪ್ರತಿ ಹಾಗೂ ಮೇಲೆ ಹೇಳಿದ ಸ್ಟಿಕ್ಕರನ್ನು ಒಟ್ಟಿಗೆ ಇರಿಸಿಕೊಳ್ಳಬೇಕು.

ಅನಂತರದ ಆರೈಕೆ

ಇಂಪ್ಲಾಂಟಿಗೆ ಹುಳುಕು ಹಿಡಿಯುವುದಿಲ್ಲ, ಆದರೆ ಅದರ ಸುತ್ತಲಿನ ಒಸಡು ಮತ್ತು ಮೂಳೆಗೆ ಸೋಂಕು ತಗಲುತ್ತದೆ. ಲೋಹಕ್ಕೆ ನೋವಿಲ್ಲದ ಕಾರಣ ಸೋಂಕು ಸದ್ದಿಲ್ಲದೆ ಮುಂದುವರಿಯುತ್ತದೆ. ಹಲ್ಲುಜ್ಜುವಾಗ ರಕ್ತ, ಒಸಡಿನ ಊತ, ಕೀವು, ಕ್ಯಾಪ್ ಅಲುಗಾಡುವುದು ಇವುಗಳಲ್ಲಿ ಯಾವುದು ಕಂಡರೂ ತಡಮಾಡಬಾರದು. ದಿನಕ್ಕೆರಡು ಬಾರಿ ಮೃದು ಬ್ರಷ್, ಹಲ್ಲಿನ ಸಂದಿಗೆ ಸಣ್ಣ ಬ್ರಷ್, ಆರು ತಿಂಗಳಿಗೊಮ್ಮೆ ತಪಾಸಣೆ ಅಗತ್ಯ. ಇದ್ದಿಲು, ಉಪ್ಪು, ಮರಳಿನ ಪುಡಿಗಳಿಂದ ಉಜ್ಜಬಾರದು. ಸೆಟ್ಟು ಧರಿಸುವವರು ಅದನ್ನು ರಾತ್ರಿ ನೀರಿನಲ್ಲಿ ಇರಿಸಬೇಕು. ಕುದಿಯುವ ನೀರು ಹಾಕಿದಲ್ಲಿ ಆಕಾರ ಕೆಡುತ್ತದೆ.

ದೂರು ಸಲ್ಲಿಸುವುದು

ಸರ್ಕಾರಿ ಆಸ್ಪತ್ರೆಯ ಸೇವೆ ಹಾಗೂ ದಂತಭಾಗ್ಯ ಯೋಜನೆಯ ಕುರಿತ ದೂರನ್ನು ಆಯಾ ತಾಲ್ಲೂಕು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ, ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಕಾರವಾರದಲ್ಲಿರುವ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗೆ ಲಿಖಿತವಾಗಿ ನೀಡಿ ಸ್ವೀಕೃತಿ ಪಡೆಯುವುದು. ಖಾಸಗಿ ಚಿಕಿತ್ಸಾಲಯದ ವಿರುದ್ಧದ ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪವಾದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಡಿ ಜಿಲ್ಲಾ ಗ್ರಾಹಕರ ಆಯೋಗದ ಮೊರೆ ಹೋಗಲೂ ಅವಕಾಶವಿದೆ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿಯೇ ತೀರ್ಪು ನೀಡಿದೆ. ಎಲ್ಲರಿಗೂ ಉಚಿತವಾಗಿ ನೀಡುವ ಸೇವೆಗೆ ಇದು ಅನ್ವಯಿಸುವುದಿಲ್ಲ. ದೂರನ್ನು ಲೋಪ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದಾಖಲಿಸಬೇಕು. ಇಂಪ್ಲಾಂಟಿನ ಎರಡು ಹಂತಗಳ ನಡುವೆಯೇ ಆರು ತಿಂಗಳು ಕಳೆಯುವುದರಿಂದ ಪ್ರತಿ ಭೇಟಿಯ ದಿನಾಂಕವನ್ನು ಬರೆದಿಟ್ಟುಕೊಳ್ಳತಕ್ಕದ್ದು.